ಡಬ್ಬಿಯ ಮೇಲಿನ ಪೆನ್ನಿನ ಗೆರೆ

ಮುಂಬಯಿ ಪಕ್ಕದ ರಬಾಳೆಯ ನಮ್ಮ ಕಾರ್ಖಾನೆಯಲ್ಲಿ ಒಂದು ಸಂಜೆ ಆರೋಗ್ಯ ಶಿಬಿರವಿತ್ತು. ವಾರಗಟ್ಟಲೆ ನೈಟ್ ಶಿಫ್ಟ್ ಮಾಡಿ ಕಣ್ಣು ಉರಿಯುತ್ತಿದ್ದರೂ ಪುಕ್ಕಟೆಯೆಂದು ನಾನೂ ಪರೀಕ್ಷೆಗೆ ರಕ್ತ ಕೊಟ್ಟೆ. ಕಂಪನಿಯಲ್ಲಿ ಮನೆಯ ನಂಬರ್ ಎಂದು ಅಪ್ಪನ ಮೊಬೈಲ್ ನಂಬರ್ ಬರೆಸಿದ್ದೆ. ರಿಪೋರ್ಟ್ ನೇರ ಅವರಿಗೇ ಹೋಯಿತು. ಒಂದು ಸಾಲು ಕೆಂಪಾಗಿ ಕಂಡದ್ದೇ ತಡ, ಅಪ್ಪ ಅದನ್ನು ಮನೆಯವರ ಗ್ರೂಪಿಗೆ ಹಾಕಿ, "ಇದು ಎಂತದು?" ಎಂದು ಕೇಳಿದರು. ನನ್ನಲ್ಲಿ ಗಂಡಸರ ಹಾರ್ಮೋನು ಟೆಸ್ಟೊಸ್ಟಿರಾನ್ ಕಡಿಮೆ ಎಂಬುದು ನನಗಿಂತ ಮೊದಲು ಉಡುಪಿಯ ಚಿಕ್ಕಮ್ಮನಿಗೆ ಗೊತ್ತಾಯಿತು.

ಮರುದಿನವೇ ಡೊಂಬಿವಲಿಯಿಂದ ಅಕ್ಕನ ಗಂಡ ಠಾಕುರ್ಲಿಯ ನಮ್ಮ ಮನೆಗೆ ಬಂದರು. ಭಾವ ಬಿಡುವಿನಲ್ಲಿ ಗಿಡಮೂಲಿಕೆಯ ಪುಡಿ ಮಾರುತ್ತಾರೆ. ಪಾರದರ್ಶಕ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟರು.

"ಅಶ್ವಗಂಧ, ಸಫೇದ್ ಮುಸಲಿ, ಎಲ್ಲಾ ಉಂಟು ಇದ್ರಲ್ಲಿ. ಹಾಲಲ್ಲಿ ಕುಡಿ."

"ಮೊದಲು ಡಾಕ್ಟರನ್ನು ಕೇಳ್ತೇನೆ ಭಾವ."

"ಡಾಕ್ಟ್ರನ್ನು ಕೇಳುದು ಕಾಯಿಲೆಗೆ ಮಾರಾಯ. ಇದು ಶಕ್ತಿಗೆ. ಕಲ್ಯಾಣದ ಹುಡುಗಿಯನ್ನು ನೋಡ್ಲಿಕ್ಕೆ ಹೋಗುವ ಮೊದ್ಲು ಡಬ್ಬಿ ಖಾಲಿ ಆಗ್ಬೇಕು!"

ಅಮ್ಮ ಅಡುಗೆಮನೆಯಲ್ಲಿ ಆಗಲೇ ಹಾಲು ಕಾಯಿಸುತ್ತಿದ್ದರು.

ನನಗೆ ಬೇಕಾಗಿದ್ದದ್ದು ಒಂದೇ: ಹುಡುಗಿಯ ಮುಂದೆ ಕೂರುವ ಮೊದಲು, ನನಗೆ ನಿಜಕ್ಕೂ ತೊಂದರೆ ಇದೆಯೋ ಇಲ್ಲವೋ ತಿಳಿಯಬೇಕು. ಡಾಕ್ಟರಮ್ಮನಿಗೆ ನನ್ನ ದಿನಚರಿ ತೋರಿಸಿದೆ. ಎಡಗಡೆ ಶಿಫ್ಟ್, ಬಲಗಡೆ ನಿದ್ದೆಯ ಗಂಟೆ, ವರ್ಷದುದ್ದಕ್ಕೂ ಬರೆದಿಟ್ಟಿದ್ದೆ. ಅವರು ಬಲಗಡೆಯನ್ನು ಮಾತ್ರ ನೋಡಿ, "ಪೆಹಲೇ ನೀಂದ್ ಪೂರೀ ಕರೋ," ಎಂದರು, ಮೊದಲು ನಿದ್ದೆ ಪೂರ್ತಿ ಮಾಡು ಅಂತ. ನಿದ್ದೆಗೆಟ್ಟವನಿಂದ ಸಂಜೆ ತೆಗೆದ ರಕ್ತವನ್ನು ನಂಬುವ ಹಾಗಿಲ್ಲವಂತೆ. ಡೇ ಶಿಫ್ಟಿಗೆ ಬದಲಾಯಿಸಿಕೊಂಡು, ಕೆಲವು ವಾರ ರಾತ್ರಿ ಸರಿಯಾಗಿ ಮಲಗಿ, ಬೆಳಿಗ್ಗೆ ಮತ್ತೆ ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ಪುಡಿ ಬೇಡ. ತೆಗೆದುಕೊಂಡರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ.

ಈ ಮಾತನ್ನು ಮನೆಯಲ್ಲಿ ಎಷ್ಟು ಸಲ ಹೇಳಿದೆನೋ! "ಆಯ್ತು, ಆಯ್ತು," ಎನ್ನುತ್ತ ಅಮ್ಮ ಡಬ್ಬಿಯನ್ನು ಹಾಲಿನ ಪಾತ್ರೆಯ ಪಕ್ಕದಲ್ಲೇ ಇಟ್ಟರು. ನನಗೆ ನಂಬಿಕೆ ಬರಲಿಲ್ಲ. ಪುಡಿ ಎಲ್ಲಿಯವರೆಗೆ ಇದೆಯೋ ಅಲ್ಲಿಗೆ ಡಬ್ಬಿಯ ಹೊರಗೆ ಪೆನ್ನಿನಿಂದ ಗೆರೆ ಎಳೆದೆ.

ಡೇ ಶಿಫ್ಟಿನಲ್ಲಿ ಕೆಲವು ವಾರ ಕಳೆದ ಮೇಲೆ ಶಿಬಿರದವರ ಲ್ಯಾಬಿನಲ್ಲೇ ಮತ್ತೆ ರಕ್ತ ಕೊಟ್ಟೆ. ಎರಡನೆಯ ರಿಪೋರ್ಟಿನಲ್ಲಿ ಎಲ್ಲವೂ ಸರಿಯಾಗಿತ್ತು. ಖುಷಿಯಿಂದ ಅಡುಗೆಮನೆಗೆ ಹೋದೆ. ಪುಡಿ ಗೆರೆಯಿಂದ ಎರಡು ಬೆರಳು ಕೆಳಗಿತ್ತು. ಡಬ್ಬಿ ಹಿಡಿದು ಹೊರಗೆ ಬಂದೆ.

"ಅಮ್ಮ, ನನ್ನ ಹಾಲಿಗೆ ಹಾಕಿದಿರಾ?"

"ದೇವರಾಣೆ ಇಲ್ಲ. ನಾನು ಎಂತಕ್ಕೆ ಹಾಕ್ಲಿ?"

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ದುಡ್ಡು ಕೊಟ್ಟು ತಂದದ್ದು. ಹಾಳಾಗ್ಲಿಕ್ಕೆ ಬಿಡುದಾ?"

"ನೀವು ಕುಡಿದದ್ದಾ? ನಿಮ್ಮ ಬಿಪಿ ಮಾತ್ರೆ ಇದೆ, ಡಾಕ್ಟರನ್ನು ಕೇಳಿದ್ದೀರಾ?"

"ಮೊಣಕಾಲಿಗೆ ಒಳ್ಳೇದು ಅಂತ ನಿನ್ನ ಭಾವನೇ ಹೇಳಿದ್ದು."

ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಅಷ್ಟರಲ್ಲಿ ಅಪ್ಪನ ಮೊಬೈಲಿಗೆ ಬಂದಿದ್ದ ಹೊಸ ರಿಪೋರ್ಟೂ ಗ್ರೂಪಿಗೆ ಹೋಗಿಯಾಗಿತ್ತು. "ನಮ್ಮ ಪುಡಿಯ ಫಲ," ಎಂದು ಭಾವ ಬರೆದರು. ನಾನು ಒಂದು ಚಮಚವನ್ನೂ ಮುಟ್ಟಿಲ್ಲವೆಂದು ಬರೆದೆ. ಕೆಳಗೆ ಅಪ್ಪನ ಹೆಬ್ಬೆಟ್ಟು ಬಂತು, ನನ್ನ ಮಾತಿಗಲ್ಲ, ಭಾವನ ಮಾತಿಗೆ.

ಭಾನುವಾರ ಹುಡುಗಿಯನ್ನು ನೋಡಲು ಹೊರಟೆವು. ಠಾಕುರ್ಲಿಯಲ್ಲಿ ಬದಲಾಪುರದ ಸ್ಲೋ ಲೋಕಲ್ ರೈಲು ಹತ್ತಿದಾಗ ಭಾವನ ಕೈಯಲ್ಲಿ ಬಟ್ಟೆಯ ಚೀಲವಿತ್ತು.

"ಎರಡು ಡಬ್ಬಿ. ಹುಡುಗಿಯ ಅಣ್ಣನಿಗೆ ಮದುವೆಯಾಗಿ ಮೂರು ವರ್ಷ ಆಯ್ತಂತೆ, ಮಕ್ಕಳಿಲ್ಲ. ನಿನ್ನ ರಿಪೋರ್ಟ್ ತೋರಿಸಿದ್ರೆ ನಂಬ್ತಾರೆ."

ಕಲ್ಯಾಣಕ್ಕೆ ಇದ್ದದ್ದು ಒಂದೇ ಸ್ಟೇಷನ್. ವಾದಿಸಲು ಸಮಯವಿರಲಿಲ್ಲ. "ರಶ್ ಉಂಟು, ಇತ್ತ ಕೊಡಿ ಭಾವ," ಎಂದು ಚೀಲವನ್ನು ಮೇಲಿನ ರ‍್ಯಾಕಿಗೆ ಇಟ್ಟೆ. ಕಲ್ಯಾಣ ಬಂದಾಗ ಅಪ್ಪ, ಅಮ್ಮ, ಭಾವ ಮೂವರನ್ನೂ ಮುಂದೆ ಬಿಟ್ಟು ಕೊನೆಗೆ ನಾನು ಇಳಿದೆ, ಬರಿಗೈಯಲ್ಲಿ.

ಗಾಡಿ ಹೊರಟ ಮೇಲೆ ಭಾವನಿಗೆ ನೆನಪಾಯಿತು. ಪ್ಲಾಟ್‌ಫಾರ್ಮಿನಲ್ಲಿ ನಾಲ್ಕು ಹೆಜ್ಜೆ ಓಡಿ ನಿಂತರು. ಆಮೇಲೆ ಜೇಬು ಮುಟ್ಟಿ ನೋಡಿಕೊಂಡು ಸಮಾಧಾನದಿಂದ ಹೇಳಿದರು:

"ಹೋಗ್ಲಿ ಬಿಡು. ರಿಪೋರ್ಟ್ ಮೊಬೈಲಲ್ಲಿ ಉಂಟಲ್ಲ."