ಆಫೀಸಿಗೆ ಆರೇ ಮೈಲಿ

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆದ ಕೂಡಲೇ ಜ್ಯೋತ್ಸ್ನಾ ಕ್ಯಾರಿ ಎಂಬ ಊರಿನ ತನ್ನ ಮನೆ ಬಿಡಬೇಕು. ಆಫೀಸಿರುವ, ಪಕ್ಕದ ರಾಜ್ಯದ ರೆಸ್ಟನ್ನಿಗೆ ನಾಲ್ಕೂವರೆ ಗಂಟೆ ಡ್ರೈವ್. ಟ್ರಾಫಿಕ್ ಕೈಕೊಟ್ಟರೆ ಆರು. ಗುರುವಾರ ಸಂಜೆ ವಾಪಸು. ನಡುವಿನ ದಿನಗಳಲ್ಲಿ ಏಳು ವರ್ಷದ ಮಗಳು ಮಾನ್ಯಾ ಅಪ್ಪನ ಜೊತೆ, ಜ್ಯೋತ್ಸ್ನಾ ರೆಸ್ಟನ್ನಿನ ಪರಿಚಯದ ಕಾತ್ಯಾಯಿನಿ ಆಂಟಿಯ ಮನೆಯ ಬೇಸ್‌ಮೆಂಟಿನಲ್ಲಿ.

ಈ ಫಜೀತಿ ಶುರುವಾದದ್ದು 2021ರಲ್ಲಿ. ಆಗ ಎಲ್ಲರಿಗೂ ಮನೆಯಿಂದಲೇ ಕೆಲಸ. ಗಂಡ ಅವಿನಾಶನಿಗೆ ಕ್ಯಾರಿಯಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಮನೆ ಕೊಂಡರು. ಆದರೆ ಅವಳ ಎಚ್-1ಬಿ ವೀಸಾದ ಕಾಗದಗಳಲ್ಲಿ ಕೆಲಸದ ಜಾಗ ರೆಸ್ಟನ್ ಎಂದಿತ್ತು. ಬೇರೆ ರಾಜ್ಯದಲ್ಲಿ ಕೂತು ಕೆಲಸ ಮಾಡಬೇಕಾದರೆ ಮೊದಲು ಆಫೀಸಿಗೆ ತಿಳಿಸಬೇಕು, ಕಂಪನಿ ಹೊಸದಾಗಿ ಅರ್ಜಿ ಹಾಕಬೇಕು. ಕನ್ನಡ ಕೂಟದ ಪಾಟ್‌ಲಕ್ ಊಟದಲ್ಲಿ ಬಿಸಿಬೇಳೆಬಾತ್ ಕಲಸುತ್ತ, ವಕೀಲರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಸಲಹೆ ಕೊಟ್ಟರು: ಮಲಗಿರುವ ಫೈಲನ್ನು ಯಾಕೆ ಎಬ್ಬಿಸುತ್ತೀಯ, ಹೇಗೂ ಒಂದು ವರ್ಷದ ಮಾತು. ಹತ್ತು ಜನ ತಲೆಯಾಡಿಸಿದ್ದೇ ಅವಳಿಗೆ ಕಾನೂನಾಯಿತು. ಡಾಕ್ಟರ್ ಗಂಡನೊಂದಿಗೆ ಎಂದೋ ಬಂದು ರೆಸ್ಟನ್ನಿನಲ್ಲಿ ನೆಲೆಯೂರಿದ ಆಂಟಿ, "ನಮ್ಮನೆ ಅಡ್ರೆಸ್ಸೇ ಕೊಟ್ಟಿರಮ್ಮ, ಏನಾಗತ್ತೆ" ಎಂದರು. ಅವರ ಮನೆ ಆಫೀಸಿಗೆ ಆರೇ ಮೈಲಿ. ಆಫೀಸಿನ ದಾಖಲೆಗೆ ಅದೇ ವಿಳಾಸ ಹೋಯಿತು.

ಏನೂ ಆಗಲಿಲ್ಲ, 2024ರವರೆಗೆ. ಆಮೇಲೆ ವಾರಕ್ಕೆ ನಾಲ್ಕು ದಿನ ಆಫೀಸಿಗೆ ಬರಬೇಕೆಂಬ ಹುಕುಂ ಹೊರಟಿತು. ಬಂದು ಮಾಡುವುದೇನು? ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ದೂರದ ಇನ್ನೊಂದು ಊರಾದ ಅಲ್ಫರೆಟಾದ ಆಫೀಸಿನಲ್ಲಿರುವ ಮ್ಯಾನೇಜರ್ ಸಪ್ನಾ ಜೊತೆ ವಿಡಿಯೋದಲ್ಲಿ ಮಾತಾಡುವುದು. ಅದನ್ನು ಕ್ಯಾರಿಯ ಅಡುಗೆಮನೆಯಲ್ಲಿ ಕೂತು ಮೂರು ವರ್ಷ ಚೆನ್ನಾಗಿಯೇ ಮಾಡಿದ್ದಳು. ಈಗ ನಿಜ ಹೇಳಿದರೆ ವೀಸಾಕ್ಕೇ ಕುತ್ತು. ಕೆಲಸ ಬಿಟ್ಟರೆ ಅರವತ್ತು ದಿನದಲ್ಲಿ ಇನ್ನೊಂದು ಹುಡುಕಬೇಕು. ಅವಿನಾಶನ ಕೆಲಸದ ಪರವಾನಗಿಯೂ ಅವಳ ವೀಸಾದ ಸೆರಗು ಹಿಡಿದೇ ಬಂದದ್ದು. ಯಾರಿಗೂ ಬಿಡಿಸಿ ಹೇಳುವಂತಿಲ್ಲ.

ಹೋದ ಏಪ್ರಿಲ್‌ನಲ್ಲಿ ಕಂಪನಿಗೆ ದಯೆ ಬಂತು. ಆಫೀಸಿನಿಂದ ಐವತ್ತು ಮೈಲಿಗಿಂತ ದೂರ ಮನೆ ಇರುವವರು ಇನ್ನು ಕಾಯಂ ಆಗಿ ಮನೆಯಿಂದಲೇ ಕೆಲಸ ಮಾಡಬಹುದಂತೆ. ಅವಿನಾಶ ಖುಷಿಯಲ್ಲಿ ಫೋನ್ ಮಾಡಿ, ಅಪ್ಲೈ ಮಾಡಿದ್ಯಾ ಎಂದು ಕೇಳಿದ. ಮರುಕ್ಷಣವೇ ಅವನಿಗೆ ಆಫೀಸಿಗೆ ಕೊಟ್ಟಿದ್ದ ಆಂಟಿಯ ವಿಳಾಸ ನೆನಪಾಯಿತು.

ಮರುದಿನ ಸಪ್ನಾ ಅವಳನ್ನು ವಿಡಿಯೋದಲ್ಲಿ ಕರೆದಳು. ಬೆಂಗಳೂರಿನವಳು, ಒಳ್ಳೆಯವಳು, ಅದೇ ಕಷ್ಟ.

"ನೀನು ಲಕ್ಕಿ ಕಣೆ. ನಾನು ದಿನಾ 400 ಹೈವೇ ಟ್ರಾಫಿಕ್ಕಲ್ಲಿ ಒಂದೂವರೆ ಗಂಟೆ ಕೊಳೀತೀನಿ. ರೆಸ್ಟನ್ ಟೀಮಲ್ಲಿ ಮಿಕ್ಕವರೆಲ್ಲ ರಿಮೋಟ್ ಆಗ್ತಿದಾರೆ, ಫ್ರೈಡೇ ಯಾರೂ ಇರಲ್ಲ. ನೀನು ಹತ್ರಾನೇ ಇದೀಯಲ್ಲ, ಫ್ರೈಡೇನೂ ಬಂದ್ಬಿಡ್ತೀಯಾ?"

ಆಗುವುದಿಲ್ಲ ಎನ್ನಲು ಕಾರಣ ಬೇಕು. ಅವಳ ಬಳಿ ಇದ್ದ ಕಾರಣ ಮುನ್ನೂರು ಮೈಲಿಯಷ್ಟು ದೊಡ್ಡದು, ಹೊರಗೆ ತೆಗೆಯುವಂತಿರಲಿಲ್ಲ.

"ಆಯ್ತು ಸಪ್ನಾ," ಎಂದಳು ಜ್ಯೋತ್ಸ್ನಾ.

ಸಂಜೆ ಮನೆಗೆ ಫೋನ್ ಮಾಡಿದಾಗ ಮಾನ್ಯಾ ಎತ್ತಿದಳು. ಇನ್ನು ಮೇಲೆ ಗುರುವಾರ ಬರುವುದಿಲ್ಲ, ಶುಕ್ರವಾರ ನೀನು ಮಲಗಿದ ಮೇಲೆ ಬರುತ್ತೇನೆ ಎಂದು ಅಮ್ಮ ಹೇಳಿದಳು. ಮಾನ್ಯಾ ಅಳಲಿಲ್ಲ. ವಾರದ ದಿನಗಳನ್ನು ಒಂದೊಂದಾಗಿ ಎಣಿಸಿದಳು.

"ಅಮ್ಮ, ಸಂಡೇ ಲಂಚ್ ಆದ್ಮೇಲೆ ನೀನು ಗೋ ಮಾಡ್ತೀಯ," ಎಂದಳು. "ಸೋ ಓನ್ಲಿ ಸ್ಯಾಟರ್ಡೇ?"