ಲಲಿತಾಳ ಕಿವಿಗೆ ಹೇಳಿದ ಮಾತು

ಕುದುರೆಮುಖದ ಗಣಿ ನಿಂತು ಆಗಿನ್ನೂ ಒಂದೆರಡು ವರ್ಷವಾಗಿತ್ತಷ್ಟೆ. ನಾನು ಐದನೇ ಕ್ಲಾಸಿನಲ್ಲಿದ್ದೆ. ಕಳಸದಿಂದ ಹೊರನಾಡಿಗೆ ಹೋಗುವ ರಸ್ತೆಯ ಪಕ್ಕದಲ್ಲಿ, ಸಾಲಾಗಿ ನಾಲ್ಕು ಮನೆಗಳಿದ್ದ ಒಂದು ವಠಾರದಲ್ಲಿ ನಮ್ಮ ವಾಸ. ಕಾಫಿ ಕೊಯ್ಲು ಶುರುವಾಯಿತೆಂದರೆ ಆ ರಸ್ತೆಯ ಗಾಳಿಯೇ ಬದಲಾಗುತ್ತಿತ್ತು. ಕಣದಲ್ಲಿ ಹರವಿದ ಹಣ್ಣಿನ ಹುಳಿ ವಾಸನೆ ಬೆಳಗಿನ ಚಳಿಯ ಜೊತೆಗೇ ಮನೆಯೊಳಗೆ ಬರುತ್ತಿತ್ತು. ಆ ಕಡೆ ಬೆಳೆದವರಿಗೆ ಅದನ್ನು ನಾನು ವಿವರಿಸಬೇಕಾಗಿಲ್ಲ. ನನಗೆ ಮಾತ್ರ ಆ ವಾಸನೆ ಬಂದರೆ ವಾಣಿ ನೆನಪಾಗುತ್ತಾಳೆ.

ವಾಣಿ ಪಕ್ಕದ ಮನೆಯವಳು, ನನ್ನದೇ ಕ್ಲಾಸು. ಅವಳ ಅಪ್ಪ ಕಾಫಿ ಮೂಟೆ ಸಾಗಿಸುವ ಲಾರಿಯ ಡ್ರೈವರ್ ಆಗಿದ್ದರು. ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಕಾಮಾಲೆಯಂತೆ ಎಂದು ಎಲ್ಲರೂ ಹೇಳಿದರು, ನಾವೂ ನಂಬಿದೆವು. ಅವಳ ಅಮ್ಮ ಗಿರಿಜಕ್ಕ ನನ್ನ ಅಮ್ಮನ ಜೊತೆ ಹೊಲಿಗೆ ಕೆಲಸ ಮಾಡುತ್ತಿದ್ದರು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಮ್ಮನ ಮಿಷನ್ ಇತ್ತು. ಅಮ್ಮ ರವಿಕೆ ಕತ್ತರಿಸಿ ಹೊಲಿದರೆ ಗಿರಿಜಕ್ಕ ಗೋಡೆಗೆ ಒರಗಿ ಕೂತು ಕಾಜ ಹಾಕಿ ಹುಕ್ಕು ಹಚ್ಚುತ್ತಿದ್ದರು. ಮಧ್ಯಾಹ್ನ ಇಬ್ಬರೂ ಅಲ್ಲೇ ಬಟ್ಟೆ ತುಂಡುಗಳನ್ನು ಬದಿಗೆ ಸರಿಸಿ ಒಟ್ಟಿಗೇ ಗಂಜಿ ಉಣ್ಣುತ್ತಿದ್ದರು. ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಬೆಳಿಗ್ಗೆ ಹೋದರೆ ಬರುವುದು ಸಂಜೆಗೇ. ಹಾಗಾಗಿ ಹಗಲಿಡೀ ಆ ಮನೆ ನಮ್ಮ ನಾಲ್ವರದು.

ಶಾಲೆಯ ಹಿಂದೆ ಒಂದು ನೆಲ್ಲಿಕಾಯಿ ಮರವಿತ್ತು. ಕಲ್ಲು ಹೊಡೆದು ಬೀಳಿಸುವವಳು ನಾನು, ಬೇಲಿಯಡಿ ನುಸುಳಿ ಹೆಕ್ಕುವವಳು ವಾಣಿ. ಅವಳು ನನಗಿಂತ ಒಂದು ಗೇಣು ಗಿಡ್ಡ, ಕೈಕಾಲು ಕಡ್ಡಿಯ ಹಾಗೆ. ಒಂದೇ ಕಾಯಿ ಸಿಕ್ಕಿದ ದಿನ ಫ್ರಾಕಿನ ಅಂಚಿನೊಳಗೆ ಅದನ್ನಿಟ್ಟು ಕಚ್ಚಿ, ಕಾಗೆ ಎಂಜಲು ಮಾಡಿ ಅರ್ಧ ಹಂಚಿಕೊಳ್ಳುತ್ತಿದ್ದೆವು.

ತಿಂಗಳಿಗೊಂದು ಸಲ ತಾಯಿ ಮಗಳು ಮೊದಲ ಬಸ್ಸಿಗೆ ಮಂಗಳೂರಿಗೆ ಹೋಗುತ್ತಿದ್ದರು. ಅಲ್ಲಿ ಅಜ್ಜಿ ಇದ್ದಾರೆ ಎನ್ನುತ್ತಿದ್ದಳು ವಾಣಿ. ಒಂದು ದಿನ ಶಾಲೆಗೆ ಹೊರಡುವಾಗ ಅವಳನ್ನು ಕರೆಯಲು ಹೋದೆ. ಒಲೆಯ ಪಕ್ಕ ನಿಂತು ಮಾತ್ರೆ ನುಂಗುತ್ತಿದ್ದಳು. ನನ್ನನ್ನು ಕಂಡವಳೇ ಡಬ್ಬಿಯನ್ನು ಬೆನ್ನ ಹಿಂದೆ ಅಡಗಿಸಿದಳು.

"ಎಂತದೇ ಅದು?"

"ಜ್ವರದ್ದು."

"ನಿಂಗೆ ಜ್ವರ ಎಲ್ಲಿದೆ ಮಾರಾಯ್ತಿ?"

ದಾರಿಯಲ್ಲಿ ನಾನು ಬಿಡಲಿಲ್ಲ. ಹಳ್ಳ ದಾಟುವ ಸಂಕದ ಹತ್ತಿರ ಬಂದಾಗ ಅವಳು ನಿಂತು, ಹಿಂದೆ ಮುಂದೆ ನೋಡಿ, ಹೇಳಿಯೇಬಿಟ್ಟಳು. ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ ಏಡ್ಸ್ ಎಂದು ದೊಡ್ಡದಾಗಿ ಬರೆದಿದ್ದರಲ್ಲ, ಆ ಕಾಯಿಲೆ. ಅಪ್ಪನಿಂದ ಅಮ್ಮನಿಗೆ ಬಂದದ್ದು, ಅಮ್ಮನ ಹೊಟ್ಟೆಯಲ್ಲಿದ್ದಾಗ ತನಗೆ ಬಂದದ್ದು. "ಮಂಗಳೂರಿಗೆ ಹೋಗೋದು ಈ ಮಾತ್ರೆಗೇ. ಒಂದು ದಿನಾನೂ ತಪ್ಪಿಸ್ಬಾರ್ದಂತೆ. ತಪ್ಪಿಸದಿದ್ರೆ ದೊಡ್ಡೋಳಾಗ್ತೀಯ ಅಂದ್ರು ಡಾಕ್ಟ್ರು. ಮುಟ್ಟಿದ್ರೆ ಬರೋದಿಲ್ಲ ಕಣೆ. ಒಟ್ಟಿಗೆ ಊಟ ಮಾಡಿದ್ರೂ ಬರೋದಿಲ್ಲ. ಯಾರಿಗೂ ಹೇಳ್ಬೇಡ, ಆಯ್ತಾ? ನಿನ್ನ ಅಮ್ಮಂಗೂ ಗೊತ್ತಿಲ್ಲ."

ನಾನು ಹೇಳುವುದಿಲ್ಲ ಎಂದೆ. ಅವಳ ಮಾತನ್ನು ಪೂರ್ತಿ ನಂಬಿದೆ ಕೂಡ. ಇದನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ. ಆಮೇಲೂ ಅವಳ ಜೊತೆ ನೆಲ್ಲಿಕಾಯಿ ತಿಂದಿದ್ದೇನೆ.

ಡಿಸೆಂಬರಿನಲ್ಲಿ ಶಾಲೆಯ ವಾರ್ಷಿಕೋತ್ಸವ. ಅಮ್ಮನ ಬಳಿ ಒಂದು ನೀಲಿ ಸ್ಯಾಟಿನ್ ಬಟ್ಟೆ ಉಳಿದಿತ್ತು. ಅದು ನನಗೇ ಎಂದು ದಸರಾ ರಜೆಯಿಂದಲೂ ಕಾಯುತ್ತಿದ್ದೆ. ಅಮ್ಮ ಅದರಲ್ಲಿ ವಾಣಿಗೆ ಫ್ರಾಕು ಹೊಲಿದರು. "ಅಪ್ಪ ಇಲ್ಲದ ಕೂಸು, ನಿಂಗೆ ಯುಗಾದಿಗೆ ಹೊಲೀತೀನಿ" ಎಂದರು. ವಾಣಿ ಅದನ್ನು ತೊಟ್ಟು ನಮ್ಮ ಕೋಣೆಯ ನಡುವೆ ಗಿರ್‍ರನೆ ತಿರುಗಿದಳು. ಅಮ್ಮ ಅವಳ ಕೆನ್ನೆ ಹಿಂಡಿ ನಕ್ಕರು. ಹಾಗೆ ನನ್ನನ್ನು ನೋಡಿ ನಕ್ಕದ್ದು ನನಗೆ ನೆನಪಿರಲಿಲ್ಲ.

ಮರುದಿನ ಕುಂಟೆಬಿಲ್ಲೆ ಆಡುವಾಗ ಲಲಿತಾ ಎಂಬ ಹುಡುಗಿ, "ಫ್ರಾಕು ಎಷ್ಟು ಚೆಂದ ಇದೆ ಅಲ್ದಾ?" ಎಂದಳು. ನಾನು ಅವಳನ್ನು ನೀರಿನ ತೊಟ್ಟಿಯ ಹಿಂದಕ್ಕೆ ಎಳೆದುಕೊಂಡು ಹೋಗಿ ಕಿವಿಯಲ್ಲಿ ಹೇಳಿದೆ. ನಾಲ್ಕೇ ಶಬ್ದ. ಹೇಳಿ ಮುಗಿಸಿದ ಕೂಡಲೇ "ನಾನು ಹೇಳಿದ್ದು ಅಂತ ಹೇಳ್ಬೇಡ" ಎಂದು ಆಣೆ ಹಾಕಿಸಿಕೊಂಡೆ. ಆ ಆಣೆಯನ್ನು ಮಾತ್ರ ಲಲಿತಾ ಉಳಿಸಿಕೊಂಡಳು. ಮನೆಯಲ್ಲಿ ಕೇಳಿದ್ದಕ್ಕೆ, ಕಳಸದ ಆಸ್ಪತ್ರೆಯ ಸಿಸ್ಟರ್ ಯಾರ ಹತ್ತಿರವೋ ಹೇಳುತ್ತಿದ್ದದ್ದು ಕಿವಿಗೆ ಬಿತ್ತು ಅಂದಳಂತೆ.

ಮೂರು ದಿನ ಸಾಕಾಯಿತು. ಅರ್ಧ ಕ್ಲಾಸು ಖಾಲಿಯಾಯಿತು. ಬಂದವರೂ ಮಧ್ಯಾಹ್ನದ ಬಿಸಿಯೂಟ ಮುಟ್ಟಲಿಲ್ಲ. ಹೆಡ್ ಮಾಸ್ತರು ಒಳ್ಳೆಯವರು. ಪೋಷಕರನ್ನು ಕರೆಸಿ, ಅದೇ ಸಿಸ್ಟರ್‌ನಿಂದ ಮಾತಾಡಿಸಿದರು. ಕೆಮ್ಮಿದರೆ ಬರುವುದಿಲ್ಲ, ತಟ್ಟೆ ಲೋಟದಿಂದ ಬರುವುದಿಲ್ಲ, ಒಂದೇ ಬೆಂಚಿನಲ್ಲಿ ಕೂತರೆ ಬರುವುದಿಲ್ಲ ಎಂದು ಅವರು ಒಂದೊಂದಾಗಿ ಬಿಡಿಸಿ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಕೊನೆಗೆ ಒಬ್ಬರು ಎದ್ದು ನಿಂತು, "ಅದೆಲ್ಲ ಸರಿ ಸಿಸ್ಟರೇ, ನಿಮ್ಮ ಮಗೂನ ಆ ಹುಡುಗಿ ಪಕ್ಕ ಕೂರಿಸ್ತೀರಾ?" ಎಂದರು.

"ಕೂರಿಸ್ತೀನಿ" ಎಂದರು ಸಿಸ್ಟರ್.

"ಗುಟ್ಟು ಕಾಯೋಕೆ ಬರದವರ ಮಾತು ನಾವು ಹೇಗೆ ನಂಬೋದು?"

ನಾನು ಕಿಟಕಿಯ ಹೊರಗೆ ನಿಂತು ಎಲ್ಲವನ್ನೂ ಕೇಳಿದೆ.

ಅಮ್ಮನ ಗಿರಾಕಿಗಳು ಬಂದು ಅರ್ಧ ಹೊಲಿದ ರವಿಕೆಗಳನ್ನು ವಾಪಸ್ಸು ತೆಗೆದುಕೊಂಡು ಹೋಗತೊಡಗಿದರು. "ಸೂಜಿ ಚುಚ್ಚಿ ರಕ್ತ ಬಟ್ಟೆಗೆ ಆಗಿರತ್ತೋ ಏನೋ" ಎಂದು ಒಬ್ಬರು ಗಿರಿಜಕ್ಕನ ಎದುರೇ ಹೇಳಿದರು. ಒಂದು ವಾರ ಅಮ್ಮ ಎಲ್ಲರ ಜೊತೆ ಜಗಳವಾಡಿದರು. ಆದರೆ ಮಧ್ಯಾಹ್ನದ ಗಂಜಿಗೆ ಗಿರಿಜಕ್ಕನ ತಟ್ಟೆ ಬೇರೆಯಾಗಿದ್ದನ್ನು ನಾನು ನೋಡಿದೆ. ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದರು. ಏನೂ ಇಲ್ಲವೆಂದು ಬಂತು. ಅದಾದ ಮೇಲೂ ಅಮ್ಮ ಒಂದು ಬೆಳಿಗ್ಗೆ ಬಾಗಿಲಲ್ಲೇ ನಿಂತು, "ಗಿರಿಜಾ, ನಂಗೂ ಮಗಳಿದಾಳೆ..." ಎಂದು ಶುರುಮಾಡಿದರು.

"ನೀವು ಹೇಳ್ಬೇಡಿ ಅಕ್ಕ" ಎಂದರು ಗಿರಿಜಕ್ಕ. "ಬೇರೆಯವರು ಹೇಳಿದ್ದನ್ನ ತಡ್ಕೊಂಡಿದೀನಿ. ನಿಮ್ಮ ಬಾಯಿಂದ ಬೇಡ. ನಾವೇ ಹೋಗ್ತೀವಿ."

ವಠಾರದ ಮಾಲೀಕರೂ ಅಷ್ಟರಲ್ಲಿ ಮನೆ ಬಿಡಲು ಹೇಳಿಯಾಗಿತ್ತು. ಕುದುರೆಮುಖದಲ್ಲಿ ಗಿರಿಜಕ್ಕನ ದೂರದ ಮಾವ ಒಬ್ಬರು ಗಣಿ ನಿಂತು ಖಾಲಿ ಬಿದ್ದ ಕ್ವಾರ್ಟರ್ಸಿನ ಕಾವಲಿಗಿದ್ದರು. ಊರೇ ಖಾಲಿಯಾದ ಕಡೆ ಕೇಳುವವರು ಯಾರೂ ಇರುವುದಿಲ್ಲವಲ್ಲ, ಅಲ್ಲಿಗೇ ಹೊರಟರು. ಬಸ್ಸಿಗೆ ಕಾಯುತ್ತಿದ್ದಾಗ ಗಿರಿಜಕ್ಕ ಗಂಟುಗಳನ್ನು ಕಟ್ಟುತ್ತಿದ್ದರು. ನಾನು ಹೋಗಿ ವಾಣಿಯ ಪಕ್ಕ ನಿಂತೆ. ಅವಳು ನನ್ನತ್ತ ನೋಡದೆ ಹೇಳಿದಳು, "ಅಮ್ಮ ಸಿಸ್ಟರೇ ಹೇಳಿದ್ದು ಅಂತ ಅಳ್ತಾರೆ. ನೀನು ಅಂತ ನಾನು ಹೇಳಿಲ್ಲ."

ಬಸ್ಸು ಬಂತು. ಅವರು ಹತ್ತಿದ ಕೂಡಲೇ ಹಿಂದಿನ ಸೀಟಿನಲ್ಲಿದ್ದವರು ಎದ್ದು ಮುಂದೆ ಹೋದರು.

ಬೇಸಿಗೆಯಲ್ಲಿ ಸಿಸ್ಟರ್ ನಮ್ಮ ಮನೆಗೆ ಬಂದರು. ಅವರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಗಿರಿಜಕ್ಕ ಮಂಗಳೂರಿಗೆ ಹೋಗುವುದನ್ನು ನಿಲ್ಲಿಸಿದ್ದಾರೆ ಎಂದರು. ಕಳಸದಿಂದ ಬರುವ ಮಂಗಳೂರು ಬಸ್ಸಿನಲ್ಲಿ ಗುರುತಿನವರಿರುತ್ತಾರೆ, ಮುಖ ತಿರುಗಿಸುತ್ತಾರೆ, ಅದಕ್ಕೆ. "ಮಗು ಮಾತ್ರೆ ಬಿಟ್ಟು ಎರಡು ತಿಂಗಳಾಯ್ತು. ನನ್ನ ಮಾತು ಅವ್ರು ಕೇಳಲ್ಲ, ನಾನೇ ಹೇಳಿದ್ದು ಅಂದ್ಕೊಂಡಿದಾರೆ. ನೀವೊಂದು ಸಲ ಹೋಗಿ ಹೇಳಿ" ಎಂದು ಅಮ್ಮನ ಕೈ ಹಿಡಿದುಕೊಂಡರು. ಮದುವೆ ರವಿಕೆಗಳು ಮುಗಿಯಲಿ, ಹೋಗುತ್ತೇನೆ ಎಂದರು ಅಮ್ಮ. ಆಗ ನಾನು ಬಾಯಿ ಬಿಟ್ಟಿದ್ದರೆ ಗಿರಿಜಕ್ಕ ಸಿಸ್ಟರ್‌ ಮಾತನ್ನು ನಂಬುತ್ತಿದ್ದರೇನೋ. ನಾನು ಬಾಗಿಲ ಹಿಂದೆ ನಿಂತೇ ಇದ್ದೆ. ಅಮ್ಮ ಹೋಗಲಿಲ್ಲ.

ಆಷಾಢದಲ್ಲಿ ವಾಣಿ ಸತ್ತಳು. ಟಿಬಿ ಆಗಿತ್ತಂತೆ. ಮಂಗಳೂರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ತಡವಾಗಿತ್ತು. ಅದೇ ಬಸ್ಸಿನ ಕಂಡಕ್ಟರ್ ಅಪ್ಪನಿಗೆ ಹೇಳಿದರು. ಗಿರಿಜಕ್ಕ ಆಮೇಲೆ ಘಟ್ಟ ಇಳಿದು ಎಲ್ಲಿಗೆ ಹೋದರು, ಯಾರಿಗೂ ಗೊತ್ತಿಲ್ಲ.

ನಾನೀಗ ಮೂಡಿಗೆರೆಯಲ್ಲಿ ಟೀಚರ್. ಎರಡು ವರ್ಷದ ಹಿಂದೆ ಬಸುರಿಯಾಗಿದ್ದಾಗ ಆಸ್ಪತ್ರೆಯಲ್ಲಿ ಎಲ್ಲರ ಹಾಗೆ ನನ್ನ ರಕ್ತದಲ್ಲೂ ಆ ಕಾಯಿಲೆ ಇದೆಯೇ ಎಂದು ಪರೀಕ್ಷಿಸಿದರು. ಅಲ್ಲಿದ್ದ ಹುಡುಗಿ ಮಾಮೂಲು ದನಿಯಲ್ಲಿ, "ಅಕಸ್ಮಾತ್ ಇದ್ರೂ ಹೆದರ್ಬೇಡಿ ಮೇಡಂ, ತಾಯಿ ಮಾತ್ರೆ ತಗೊಂಡ್ರೆ ಮಗೂಗೆ ಬರೋದು ತೀರಾ ಅಪರೂಪ. ದಿನಾ ತಗೊಂಡವರು ಎಲ್ಲರ ಹಾಗೇ ವಯಸ್ಸಾಗೋವರೆಗೂ ಬದುಕ್ತಾರೆ" ಎಂದಳು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಬೈಯಲಿ, ಇಲ್ಲವೇ ಸಮಾಧಾನ ಮಾಡಲಿ ಎಂದು ಕಾದೆ. ಅಮ್ಮ, "ನೀನು ಹೇಳಿದಾಗ ನಿಂಗೆ ಹತ್ತು ವರ್ಷ. ಅವ್ರನ್ನ ಕಳಿಸಿದಾಗ ನಂಗೆ ಮೂವತ್ತೈದು" ಎಂದರು. ಎದ್ದು ಒಳಗೆ ಹೋದರು. ಆಮೇಲೆ ನಾವು ಆ ಮಾತು ಆಡಿಲ್ಲ.

ವಾಣಿ ಇದ್ದಿದ್ದರೆ ಈಗ ಮೂವತ್ತರ ಹತ್ತಿರ. ಅವಳದೊಂದು ಫೋಟೋ ಕೂಡ ನನ್ನ ಬಳಿ ಇಲ್ಲ. ಶಾಲೆಯ ಹಳೆಯ ಮಕ್ಕಳನ್ನು ಕೇಳಿದರೆ ಯಾವ ವಾಣಿ ಎನ್ನುತ್ತಾರೆ, ಲಲಿತಾಳಿಗೂ ನೆನಪಿಲ್ಲ. ಅಂಥವಳೊಬ್ಬಳು ಅಲ್ಲಿದ್ದಳೆಂದು ನೆನಪಿಟ್ಟುಕೊಂಡಿರುವವರು, ಅವಳನ್ನು ಅಲ್ಲಿಂದ ಓಡಿಸಿದ ನಾವಿಬ್ಬರೇ, ಅಮ್ಮ ಮತ್ತು ನಾನು.