ಅಜ್ಜಿ ಹೋದ ಮೇಲಿನ ಹಿಟ್ಟು

ನಮ್ಮ ಮನೆಯಲ್ಲಿ ಗ್ಯಾಸ್ ಬಂದು ವರ್ಷಗಳಾಗಿದ್ದರೂ ಹಿಟ್ಟು, ಅಂದರೆ ರಾಗಿಮುದ್ದೆ, ಮಾತ್ರ ಸೌದೆ ಒಲೆಯ ಮೇಲೆಯೇ ಬೇಯುತ್ತಿತ್ತು. ಅದನ್ನು ತಿರುವುವವಳು ಅಪ್ಪನ ತಾಯಿ, ನಮ್ಮಜ್ಜಿ. ಅವಳು ಎಡಚಿ. ಮಡಕೆಯನ್ನು ಕೆಳಗಿಳಿಸಿ ಪಾದಗಳಲ್ಲಿ ಒತ್ತಿ ಹಿಡಿದು, ಎಡಗೈಯಲ್ಲಿ ಕೋಲು ತಿರುವುತ್ತಿದ್ದಳು. ಅವ್ವ ಸೊಸೆಯಾಗಿ ಬಂದ ಮೇಲೂ ಅಜ್ಜಿ ಆ ಕೋಲನ್ನು ಬಿಟ್ಟುಕೊಡಲಿಲ್ಲ. "ನೀ ಸಾರ್ ನೋಡ್ಕ, ಇಟ್ಟು ನಂಗಿರ್ಲಿ ಬುಡು" ಅನ್ನುತ್ತಿದ್ದಳು. ಎಲ್ಲರೂ ಉಂಡ ಮೇಲೆ, ನಾಯಿಗೂ ಹಾಕಿ, ಬಾಗಿಲ ಮರೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ಜ್ವರದಲ್ಲಿ ಮಲಗಿದ್ದಾಗಲೂ ಕೇಳುತ್ತಿದ್ದುದು ಒಂದೇ ಮಾತು: "ಮಗ ಉಂಡ್ನಾ?"

ಹೋದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ನಮ್ಮ ಪದ್ಧತಿಯಂತೆ ಹೊಲದ ಮೂಲೆಯಲ್ಲಿ, ಆನೆ ಕಂದಕದ ಈಚೆಗೆ, ಕೂರಿಸಿಯೇ ಮಣ್ಣು ಮಾಡಿದೆವು.

ಅವ್ವ ಮಾಡಿದ ಹಿಟ್ಟು ಗಂಟುಗಂಟಾಗುತ್ತಿತ್ತು. ಅಪ್ಪ ಹಾಗೇ ನುಂಗುತ್ತಿದ್ದ. ಒಂದು ದಿನ ಮೊದಲ ತುತ್ತಿಗೇ ಅವನ ಕೈ ನಿಂತಿತು. ಹಿಟ್ಟು ಬೆಣ್ಣೆಯಂತಿತ್ತು, ಥೇಟ್ ಅಜ್ಜಿಯದೇ. ಅಪ್ಪ ತಟ್ಟೆಯನ್ನೇ ನೋಡುತ್ತಾ ಕುಳಿತ. ನಾನು ಮಾರನೆಯ ದಿನ ಅಡುಗೆಮನೆಗೆ ಇಣುಕಿದೆ. ಅವ್ವ ಎಡಗೈಯಲ್ಲಿ ತಿರುವುತ್ತಿದ್ದಳು.

"ಇದೇನವ್ವ, ಎಡಗೈಲಿ?"

ಅವಳು ತನ್ನ ಕೈಯನ್ನು ಬೇರೆ ಯಾರದ್ದೋ ಎಂಬಂತೆ ನೋಡಿಕೊಂಡಳು. ಕೋಲು ಕೆಳಗೆ ಬಿತ್ತು.

ಆಮೇಲೆ ಅವ್ವ ನಮ್ಮ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ಬಾಗಿಲ ಮರೆಯಲ್ಲಿ ಬಟ್ಟಲ ಸದ್ದು ಕೇಳುತ್ತಿತ್ತು. ನಾಯಿ ಮಾತ್ರ ಅವಳು ಹಾಕಿದ್ದನ್ನು ಮೂಸಿ, ಹಿಂದೆ ಸರಿದು ನಿಲ್ಲುತ್ತಿತ್ತು.

ಬೆಟ್ಟದಿಂದ ಮಂಜು ಇಳಿದು ಅಂಗಳವೇ ಕಾಣದ ಒಂದು ಮಧ್ಯಾಹ್ನ ನಾನು ಅಡುಗೆಮನೆಯ ಹೊಸ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಅವ್ವ ಒಲೆಯ ಮುಂದಿದ್ದಳು.

"ಮಗಾ, ಇಟ್ಟು ಆರೋಯ್ತದ, ಬಾ ಮಗಾ."

ಅಜ್ಜಿಯ ದನಿ. ಅಲುಗಿದ್ದು ಅವ್ವನ ತುಟಿ.

ಹೊರಗೆ ಜಗಲಿಯಲ್ಲಿದ್ದ ಅಪ್ಪ ಅಜ್ಜಿ ಇದ್ದಾಗಿನಂತೆಯೇ ಓಗೊಟ್ಟ: "ಬಂದಿ ಕಣವ್ವಾ." ಎದ್ದು ಒಳಗೂ ಬಂದ. ಅವ್ವನ ಮುಖ ಕಂಡದ್ದೇ ಬಾಗಿಲಲ್ಲೇ ನಿಂತುಬಿಟ್ಟ.

"ನಾ ಕರೀನಿಲ್ಲ," ಅಂದಳು ಅವ್ವ, ಈಗ ತನ್ನದೇ ದನಿಯಲ್ಲಿ. "ದ್ಯಾವ್ರಾಣೆ, ನಾ ಕರೀನಿಲ್ಲ."

ಅಪ್ಪ ಹತ್ತಿರ ಹೋಗಿ ಅವಳ ಎಡಗೈ ಹಿಡಿದುಕೊಂಡ. ಅವರಿಬ್ಬರೂ ಕೈ ಹಿಡಿದುಕೊಂಡಿದ್ದನ್ನು ನಾನು ಕಂಡದ್ದು ಅದೇ ಮೊದಲು. "ಎದ್ದೇಳಮ್ಮಿ, ಒಲ್ದ ತಾವ್ಕೆ ಓಗಮ," ಅಂದ.

ಅದೇ ಹಿಟ್ಟು, ಅದೇ ಸಾರು ತೆಗೆದುಕೊಂಡು ಮಂಜಿನಲ್ಲೇ ಹೊಲಕ್ಕೆ ಹೊರಟೆವು. ಸಮಾಧಿಯ ಮುಂದೆ ಎಲೆ ಹಾಕಿ, ವಿಭೂತಿ ಇಟ್ಟು ಬಡಿಸಿದೆವು. ಅಪ್ಪ ನನ್ನನ್ನು ಕರೆದುಕೊಂಡು ಬೇಲಿಯ ಹತ್ತಿರ ಸರಿದ. ಅವ್ವ ಅಲ್ಲೇ ಕುಳಿತಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಆಗಾಗ ತಲೆ ಅಲುಗುತ್ತಿತ್ತು, ಯಾರೋ ಹೇಳುತ್ತಿರುವುದಕ್ಕೆ ಹೂಂಗುಟ್ಟುವಂತೆ. ಬಹಳ ಹೊತ್ತಾದ ಮೇಲೆ ಸೆರಗು ಕೊಡವಿ ಎದ್ದು ಬಂದಳು.

"ಏನ್ ಯೋಳ್ದೆ ಅವ್ವಂಗೆ?" ಅಂತ ಅಪ್ಪ ಕೇಳಿದ.

"ನಾನೇನೂ ಯೋಳ್ನಿಲ್ಲ. ಅತ್ತೇನೆ ಯೋಳುದ್ರು."

"ಏನಂದ್ರು?"

"ನಂಗ್ ಸುಸ್ತಾಗದ, ಇನ್ ನೀನೇ ನೋಡ್ಕಳವ್ವ ಅಂದ್ರು."

ಅಪ್ಪ ಹೆಗಲ ಟವೆಲಿನಲ್ಲಿ ಮುಖ ಒರೆಸಿಕೊಂಡು ಮುಂದೆ ನಡೆದ. ಅಂದಿನಿಂದ ಆ ದನಿ ಕೇಳಿಸಿಲ್ಲ. ಅವ್ವ ಬಲಗೈಯಲ್ಲೇ ಹಿಟ್ಟು ತಿರುವುತ್ತಾಳೆ. ಅವಳ ಹಿಟ್ಟು ಈಗ ಬೇರೆಯೇ ರುಚಿ. ನಮಗೆ ಅದೂ ಒಗ್ಗಿದೆ.